ಕುಡಿತ ಬಿಡಲು ಆಣೆಯೊಂದೇ ಸಾಲದು, ಆಸ್ಪತ್ರೆಯೂ ಬೇಕು



ಈ ಪುಟದಲ್ಲಿ ವಾರ ವಾರವೂ ಬೀಜ, ಗೊಬ್ಬರ, ಕೀಟ, ಪೇಟೆ ಧಾರಣೆ ಇವೇ ವಿಷಯಗಳನ್ನು ನೀವು ಓದುತ್ತ ಬಂದಿದ್ದೀರಿ. ಈ ಸಲ ಬೆಳೆಯ ರೋಗವನ್ನು ಬದಿಗಿಟ್ಟು ಬೆಳೆಗಾರನ ರೋಗವೊಂದರ ಬಗ್ಗೆ ಬರೆಯುತ್ತಿದ್ದೇನೆ. ಅದು ಕುಡಿತದ ಚಟ. ಕೃಷಿ ಇಲಾಖೆಯವರಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಶಿರಗುಪ್ಪಿ ಹೋಬಳಿಯ ಎರಿ ಹೊಲಗಳಲ್ಲಿ ತಿರುಗಾಡುವಾಗ ನಾನು ಕಂಡದ್ದನ್ನು ಹೇಳುತ್ತೇನೆ. ಹದ ತಪ್ಪಿದ ಬಿತ್ತನೆ, ಎಡೆ ಹೊಡೆಯದೆ ಕಸ ಬೆಳೆದ ಹೆಸರು, ಕಂತು ತುಂಬದೆ ಬಿಟ್ಟ ಬೆಳೆವಿಮೆ, ಸಂತೆಗೆ ಹೋದ ಎತ್ತು, ಇವುಗಳ ಹಿಂದೆ ಮಳೆಯ ಕೊರತೆ ಇರುವಂತೆಯೇ ಎಷ್ಟೋ ಮನೆಗಳಲ್ಲಿ ಬಾಟಲಿಯೂ ಇರುತ್ತದೆ.

ಸಣ್ಣ ಲೆಕ್ಕವೊಂದನ್ನು ನೋಡಿ. ಒಬ್ಬನು ದಿನಕ್ಕೆ ₹150 ಕುಡಿತಕ್ಕೆ ಖರ್ಚು ಮಾಡುತ್ತಾನೆಂದು ಹಿಡಿಯಿರಿ. ವರ್ಷಕ್ಕೆ ₹54,750 ಆಯಿತು. ಒಂದು ಚೀಲ ಡಿ.ಎ.ಪಿ.ಗೆ ₹1,350ರಂತೆ ಇದರಲ್ಲಿ 40 ಚೀಲ ಗೊಬ್ಬರ ಬರುತ್ತದೆ. ಹೋದ ಆರೋಗ್ಯ, ತಪ್ಪಿದ ಕೂಲಿ, ಮನೆಯವರ ಕಣ್ಣೀರು ಈ ಲೆಕ್ಕದಲ್ಲಿ ಸೇರಿಲ್ಲ.

ಆದರೆ ಕುಡಿತ ಕೆಟ್ಟದ್ದೆಂದು ಉಪದೇಶ ಮಾಡಲು ಈ ಲೇಖನವನ್ನು ಬರೆಯುತ್ತಿಲ್ಲ. ಅದು ಕೆಟ್ಟದ್ದೆಂದು ಕುಡಿಯುವವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬಿಡುವುದು ಹೇಗೆ, ಬಿಡುವಾಗ ಯಾವ ಅಪಾಯವಿದೆ, ಯಾರ ಬಳಿ ಹೋಗಬೇಕು ಎಂಬುದು ನಮ್ಮ ಹಳ್ಳಿಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಆ ಅಜ್ಞಾನದಿಂದ ಒಂದು ಜೀವ ಹೋಗುವುದರಲ್ಲಿತ್ತು.

ಹೋಬಳಿಯ ಒಂದು ಊರಿನಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಹೋಬಳಿಯ ಒಂದು ಊರಿನಲ್ಲಿ ಎಂಟು ಎಕರೆ ಎರಿ ಭೂಮಿಯ ಒಬ್ಬ ರೈತ. ವಯಸ್ಸು 40ರ ಆಸುಪಾಸು. ಕಡಲೆ, ಜೋಳ ಬೆಳೆಯುವುದರಲ್ಲಿ ಕೈ ಪಳಗಿದವನು. ಹತ್ತು ವರ್ಷಗಳಿಂದ ಪ್ರತಿದಿನ ಕುಡಿಯುತ್ತಿದ್ದ. ಬೆಳಿಗ್ಗೆ ಎದ್ದ ಕೂಡಲೇ ಒಂದು 'ನೈಂಟಿ' ಹಾಕದಿದ್ದರೆ ಕೈ ನಡುಗುತ್ತಿತ್ತು. ಒಂದು ಅಮಾವಾಸ್ಯೆಯ ದಿನ ಊರ ಹಿರಿಯರು ಅವನನ್ನು ಗುಡಿಗೆ ಕರೆದೊಯ್ದು ಭಂಡಾರ ಮುಟ್ಟಿಸಿ ಆಣೆ ಮಾಡಿಸಿದರು. ಪ್ರಾತ್ಯಕ್ಷಿಕೆಯೊಂದರ ನಿಮಿತ್ತ ಅಂದು ಆ ಊರಲ್ಲಿದ್ದ ನಾನೂ ಚಪ್ಪಾಳೆ ತಟ್ಟಿದೆ. "ಮನಸ್ಸು ಗಟ್ಟಿ ಮಾಡು, ಎರಡು ದಿನ ಒದ್ದಾಡಿದರೆ ಎಲ್ಲ ಸರಿಹೋಗುತ್ತದೆ" ಎಂದು ಬುದ್ಧಿಯನ್ನೂ ಹೇಳಿದೆ.

ಅವನು ಮಾತಿಗೆ ತಪ್ಪಲಿಲ್ಲ. ಅಂದಿನಿಂದಲೇ ಒಂದು ಹನಿ ಮುಟ್ಟಲಿಲ್ಲ. ಮರುದಿನ ಮೈಯೆಲ್ಲ ಬೆವರು, ನಡುಕ, ವಾಂತಿ. ಎರಡನೆಯ ರಾತ್ರಿ ಫಿಟ್ಸ್ ಬಂತು. ಮನೆಯವರು ಕೈಯಲ್ಲಿ ಕೀಲಿಕೈ ಹಿಡಿಸಿ, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಮೂರನೆಯ ದಿನ ಗೋಡೆಯ ಮೇಲೆ ಹಾವು ಹರಿದಾಡುತ್ತಿವೆ ಎಂದು ಕೂಗತೊಡಗಿದ. ಹೆಂಡತಿಯ ಗುರುತು ಹಿಡಿಯಲಿಲ್ಲ. ದೆವ್ವ ಬಡಿದಿದೆ ಎಂದು ಕೆಲವರು ಅವನನ್ನು ಕೋಣೆಯಲ್ಲಿ ಕೂಡಿಹಾಕಿದರು. ಕೊನೆಗೆ ಅವನ ಅಣ್ಣ ಟೆಂಪೋ ಮಾಡಿಕೊಂಡು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದ. ಸುದ್ದಿ ತಿಳಿದು ನಾನೂ ಹೋದೆ. ಡ್ಯೂಟಿಯಲ್ಲಿದ್ದ ವೈದ್ಯರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಕುಡಿಯೋದು ಯಾವಾಗ ನಿಲ್ಲಿಸಿದ?" ಉತ್ತರ ಕೇಳಿ ಅವರು ಹೇಳಿದರು: "ಇದು ಕುಡಿದದ್ದರಿಂದ ಆದದ್ದಲ್ಲ, ಒಮ್ಮೆಲೇ ಬಿಟ್ಟದ್ದರಿಂದ ಆದದ್ದು. ಬಿಡಿಸುವ ಮೊದಲು ಇಲ್ಲಿಗೆ ಕರಕೊಂಡು ಬರಬೇಕಿತ್ತು."

ಅವನು ಬದುಕಿದ. ಆದರೆ ಆ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಸತ್ಯವಾಗಿ ನಡೆದುಕೊಂಡವನನ್ನೇ ನಾವೆಲ್ಲ ಸೇರಿ ಸಾವಿನ ಬಾಯಿಗೆ ದೂಡಿದ್ದೆವು.

ಚಟ ಎಂದು ಗುರುತಿಸುವುದು ಹೇಗೆ?

ಕುಡಿಯುವವರೆಲ್ಲ ಚಟಕ್ಕೆ ಬಿದ್ದವರಲ್ಲ. ಹಾಗೆಂದು ಸ್ವಲ್ಪ ಕುಡಿದರೆ ಮೈಗೆ ಒಳ್ಳೆಯದು ಎಂಬ ಮಾತನ್ನೂ ನಂಬಬೇಡಿ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಇದನ್ನು ಸುಡುವ ಕೆಲಸವೆಲ್ಲ ಬಹುಮಟ್ಟಿಗೆ ಯಕೃತ್ತಿನ ಮೇಲೆಯೇ ಬೀಳುತ್ತದೆ.

ಚಟ ಅಂಟಿದೆಯೇ ಎಂದು ತಿಳಿಯಲು ವೈದ್ಯರು ಕೇಳುವ ನಾಲ್ಕು ಸರಳ ಪ್ರಶ್ನೆಗಳಿವೆ. ಕುಡಿತ ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ? ಕುಡಿತದ ಬಗ್ಗೆ ಯಾರಾದರೂ ಅಂದಾಗ ಸಿಟ್ಟು ಬಂದಿದೆಯೇ? ಕುಡಿದುದಕ್ಕಾಗಿ ತಪ್ಪಿತಸ್ಥ ಭಾವನೆ ಬಂದಿದೆಯೇ? ಬೆಳಿಗ್ಗೆ ಎದ್ದೊಡನೆ ಮೈ ಹತೋಟಿಗೆ ತರಲು ಕುಡಿದದ್ದುಂಟೇ? ಈ ನಾಲ್ಕರಲ್ಲಿ ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣಬೇಕು. ಕೊನೆಯ ಪ್ರಶ್ನೆಗೆ ಹೌದು ಎಂದರೆ ತಡ ಮಾಡಬಾರದು. ವಾಚನಾಲಯದಲ್ಲಿ ಕುಳಿತು ಇದನ್ನು ಓದುತ್ತಿರುವವರು ಬೇರೆಯವರಿಗೆ ಉತ್ತರ ಹೇಳಬೇಕಾಗಿಲ್ಲ, ತಮ್ಮ ಮನಸ್ಸಿಗೆ ತಾವೇ ಹೇಳಿಕೊಂಡರೆ ಸಾಕು.

ವರ್ಷಗಟ್ಟಲೆ ನಿತ್ಯ ಕುಡಿದಾಗ ಮಿದುಳು ಮದ್ಯಕ್ಕೆ ಒಗ್ಗಿಹೋಗುತ್ತದೆ. ಮದ್ಯವು ಮಿದುಳನ್ನು ಮಂದಗೊಳಿಸುವ ವಸ್ತು. ಅದನ್ನು ಎದುರಿಸಿ ಕೆಲಸ ಮಾಡಲು ಮಿದುಳು ತನ್ನ ವೇಗವನ್ನು ಹೆಚ್ಚಿಸಿಕೊಂಡಿರುತ್ತದೆ. ಭಾರ ಎಳೆಯುತ್ತಿರುವ ಎತ್ತುಗಳ ನೊಗದಿಂದ ಮಿಣಿ ಒಮ್ಮೆಲೇ ಹರಿದರೆ ಅವು ಮುಂದಕ್ಕೆ ಮುಗ್ಗರಿಸುವಂತೆ, ಮದ್ಯ ಒಮ್ಮೆಲೇ ನಿಂತಾಗ ಮಿದುಳು ಹತೋಟಿ ತಪ್ಪುತ್ತದೆ. ಇದು ದೇಹದ ಸಂಗತಿ. ಮನೋಬಲ ಎಷ್ಟಿದ್ದರೂ ಇದನ್ನು ತಡೆಯಲಾಗದು.

ಬಿಟ್ಟ ಮೊದಲ ಐದು ದಿನ

ಕಡೆಯ ಸಲ ಕುಡಿದ ಸುಮಾರು 6 ತಾಸಿನಿಂದ ಲಕ್ಷಣಗಳು ಆರಂಭವಾಗುತ್ತವೆ. ಕೈ ನಡುಕ, ಬೆವರು, ಎದೆ ಬಡಿತ, ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು ಮೊದಲು ಕಾಣಿಸುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇಲ್ಲದ ಹಾವು, ಹುಳು, ಮನುಷ್ಯರು ಕಾಣುತ್ತಾರೆ. ಜ್ವರ ಏರುತ್ತದೆ, ಹೊತ್ತು ಗೊತ್ತಿನ ಪರಿವೆ ಇರುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾವು ಸಂಭವಿಸಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಬೆಳಿಗ್ಗೆಯೇ ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ವಯಸ್ಸಾದವರು, ಕಾಮಾಲೆ ಅಥವಾ ಬೇರೆ ಕಾಯಿಲೆ ಇದ್ದವರು ಮನೆಯಲ್ಲಿ ತಾವಾಗಿಯೇ ಒಮ್ಮೆಲೇ ಬಿಡಬಾರದು.

ಇದನ್ನು ಓದಿ 'ಹಾಗಾದರೆ ಕುಡಿಯುವುದೇ ಲೇಸು' ಎಂದು ಯಾರೂ ತಿಳಿಯಬಾರದು. ವೈದ್ಯರ ಕೈಯಲ್ಲಿ ಈ ದಿನಗಳನ್ನು ದಾಟುವುದು ಕಷ್ಟವಲ್ಲ. ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ ಗುಳಿಗೆಗಳನ್ನು ಮೊದಲು ಸಾಕಷ್ಟು ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತ ಬಂದು ಒಂದು ವಾರದಲ್ಲಿ ಅಥವಾ ತುಸು ಹೆಚ್ಚು ದಿನಗಳಲ್ಲಿ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟವರಿಗೆ ಲೋರಜೆಪಾಮ್ ಕೊಡುತ್ತಾರೆ. ಈ ಗುಳಿಗೆಗಳಿಗೂ ಚಟ ಹತ್ತುವ ಗುಣವಿರುವುದರಿಂದ ಅಂಗಡಿಯಿಂದ ತಾವೇ ತಂದು ನುಂಗಬಾರದು. ಮದ್ಯದ ಜೊತೆಗಂತೂ ಎಂದೂ ಕೂಡದು.

ಇನ್ನೊಂದು ಮಾತನ್ನು ಗಮನಿಸಿರಿ. ನಿತ್ಯ ಕುಡಿಯುವವನ ಮೈಯಲ್ಲಿ ಬಿ-1 ಜೀವಸತ್ವ, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ನಮ್ಮ ಹಳ್ಳಿಗಳಲ್ಲಿ ನಿಶ್ಶಕ್ತಿ ಎಂದೊಡನೆ ಗ್ಲುಕೋಸ್ ಬಾಟಲಿ ಏರಿಸುವ ರೂಢಿಯಿದೆ. ಥಯಾಮಿನ್ ಕೊಡದೆ ಗ್ಲುಕೋಸನ್ನಷ್ಟೇ ಏರಿಸಿದರೆ ಇದ್ದಬದ್ದ ಜೀವಸತ್ವವೂ ಕರಗಿ, ಕಣ್ಣುಗುಡ್ಡೆ ಓಲಾಡಿ, ನಡಿಗೆ ತಪ್ಪಿ, ನೆನಪಿನ ಶಕ್ತಿಯೇ ಶಾಶ್ವತವಾಗಿ ಹಾಳಾಗಬಹುದು. ಆದ್ದರಿಂದ ಸೂಜಿ ಹಾಕುವವರು ಯಾರೇ ಇರಲಿ, "ಇವರು ದಿನಾ ಕುಡಿಯುತ್ತಿದ್ದರು" ಎಂದು ಮೊದಲೇ ಹೇಳಿರಿ. ನಾಚಿಕೆಪಟ್ಟು ಮುಚ್ಚಿಡಬೇಡಿ.

ಮತ್ತೆ ಕುಡಿಯದಂತೆ ತಡೆಯುವ ಔಷಧಿಗಳು

ಮೊದಲ ವಾರ ದಾಟಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು. ಕರಿಕೆ ಬೆಳೆದ ಹೊಲವನ್ನು ಮೇಲೆ ಮೇಲೆ ಹರಗಿದರೆ ಹಸಿರು ಕಾಣದಾಗುತ್ತದೆ, ಬೇರು ಒಳಗೇ ಉಳಿದಿರುತ್ತದೆ. ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಕುಡಿತದ ಆಸೆಯೂ ಹಾಗೆಯೇ. ಮೈಯಿಂದ ಮದ್ಯ ಹೋದರೂ ಮಿದುಳಿನಲ್ಲಿ ಆಸೆಯ ಬೇರು ತಿಂಗಳುಗಟ್ಟಲೆ ಇರುತ್ತದೆ.

ಈ ಆಸೆಯನ್ನು ತಗ್ಗಿಸುವ ಔಷಧಿಗಳು ಈಗ ದೊರೆಯುತ್ತವೆ. ನಾಲ್ಟ್ರೆಕ್ಸೋನ್ ಎಂಬುದು ಕುಡಿತದಿಂದ ಸಿಗುವ ಸುಖವನ್ನೇ ತಗ್ಗಿಸುತ್ತದೆ. ಅಕಾಂಪ್ರೊಸೇಟ್ ಬಿಟ್ಟವರ ಚಡಪಡಿಕೆಯನ್ನು ಶಮನಗೊಳಿಸುತ್ತದೆ. ಯಕೃತ್ತು ಹಾಳಾದವರಿಗೆ ಬ್ಯಾಕ್ಲೋಫೆನ್ ಬಳಸುವುದುಂಟು. ಯಾರಿಗೆ ಯಾವುದು ಎಂಬುದನ್ನು ರಕ್ತ ಪರೀಕ್ಷೆ ಮಾಡಿ ವೈದ್ಯರೇ ನಿರ್ಧರಿಸಬೇಕು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ನಾವು ಹೇಳುವುದಿಲ್ಲವೇ, ಇದೂ ಹಾಗೆಯೇ.

ಡೈಸಲ್ಫಿರಾಮ್ ಎಂಬ ಹಳೆಯ ಔಷಧಿಯ ಕಥೆ ನಮ್ಮ ಬೇಸಾಯಕ್ಕೂ ಸಂಬಂಧಪಟ್ಟಿದೆ. ಶೇಂಗಾ ಬೀಜೋಪಚಾರಕ್ಕೆ ನೀವು ಬಳಸುವ ಥೈರಾಮ್ ಪುಡಿ ಇದರ ಹತ್ತಿರದ ಸಂಬಂಧಿ. ಈ ಜಾತಿಯ ರಾಸಾಯನಿಕಗಳನ್ನು ರಬ್ಬರ್ ಕಾರ್ಖಾನೆಗಳಲ್ಲಿಯೂ ಬಳಸುತ್ತಿದ್ದರು. ಅಲ್ಲಿ ಕೆಲಸ ಮಾಡುವವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ ನರಳುವುದನ್ನು 1930ರ ದಶಕದಲ್ಲಿ ಅಮೆರಿಕದ ವೈದ್ಯರೊಬ್ಬರು ಗಮನಿಸಿದರು. 1948ರಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಎಂಬ ವಿಜ್ಞಾನಿಗಳು ಡೈಸಲ್ಫಿರಾಮನ್ನು ಕುಡಿತ ಬಿಡಿಸುವ ಔಷಧಿಯೆಂದು ಲೋಕಕ್ಕೆ ತಿಳಿಸಿದರು. ಇದನ್ನು ತೆಗೆದುಕೊಂಡು ಕುಡಿದರೆ ಮುಖ ಉರಿ, ತಲೆನೋವು, ವಾಂತಿ, ಎದೆಬಡಿತ ಉಂಟಾಗುತ್ತವೆ. ಆ ಭಯವೇ ಇಲ್ಲಿ ಬೇಲಿ.

ಇಲ್ಲಿ ಮೂರು ಎಚ್ಚರಿಕೆಗಳು. ಒಂದು, ಥೈರಾಮ್ ಬೆರೆಸುವ ಕೆಲಸ ಮಾಡಿದವರು ಅಂದೂ ನಂತರದ ಕೆಲವು ದಿನಗಳೂ ಮದ್ಯ ಮುಟ್ಟಬಾರದು. ಎರಡು, ಥೈರಾಮ್ ಬೀಜಕ್ಕೆ ಹಾಕುವ ವಿಷ, ಮನುಷ್ಯರ ಔಷಧಿಯಲ್ಲ. ಯಾರೂ ಅಂಥ ಪ್ರಯೋಗಕ್ಕೆ ಕೈ ಹಾಕಬಾರದು. ಮೂರನೆಯದು ತಾಯಂದಿರಿಗೆ. 'ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ' ಎಂಬ ಜಾಹೀರಾತುಗಳನ್ನು ನೀವು ನೋಡಿರುತ್ತೀರಿ. ಒಳಗೆ ಏನಿದೆಯೆಂದು ತಿಳಿಯದ ಅಂಥ ಪುಡಿಗಳನ್ನು ಸಾರಿನಲ್ಲಿ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಗಂಡನು ಅರಿಯದೆ ಕುಡಿದರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಔಷಧಿ ನಿಲ್ಲಿಸಿದ ಎರಡು ವಾರಗಳ ವರೆಗೂ ಈ ಅಪಾಯ ಇರುತ್ತದೆ. ರೋಗಿಯ ಒಪ್ಪಿಗೆ ಮತ್ತು ವೈದ್ಯರ ಚೀಟಿ ಎರಡೂ ಇದ್ದಾಗ ಮಾತ್ರ ಇದು ಔಷಧಿ.

ಜೋಳಿಗೆ, ಶಿಬಿರ, ಸಂಗಡಿಗರು

ಹಾಗಾದರೆ ಆಣೆಗೆ, ಮಠಕ್ಕೆ, ಹಿರಿಯರ ಮಾತಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಬಿಡಬೇಕೆಂಬ ಮನಸ್ಸು ಹುಟ್ಟಿಸುವ ಕೆಲಸವನ್ನು ಗುಳಿಗೆ ಮಾಡಲಾರದು.

ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1970ರ ದಶಕದಿಂದ ಊರೂರು ತಿರುಗಿ ಜೋಳಿಗೆ ಒಡ್ಡಿದರು. ಕಾಳು ಕಡಿ ಬೇಡಲಿಲ್ಲ, ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರಿ ಎಂದು ಬೇಡಿದರು. ಬೀಡಿ ಕಟ್ಟು, ತಂಬಾಕಿನ ಚೀಲ, ಮದ್ಯದ ಬಾಟಲಿಗಳು ಆ ಜೋಳಿಗೆಗೆ ಬಿದ್ದವು. 'ಮಹಾಂತ ಜೋಳಿಗೆ' ಎಂದೇ ಅದು ಹೆಸರಾಯಿತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅವರ ಜೋಳಿಗೆಯಲ್ಲಿ ಒಂದು ದೊಡ್ಡ ತತ್ವವಿದೆ: ಚಟಕ್ಕೆ ಬಿದ್ದವನನ್ನು ಅವರು ಬೈಯಲಿಲ್ಲ, ಅವನ ಮುಂದೆ ತಾವೇ ಕೈಯೊಡ್ಡಿ ನಿಂತರು.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ರಾಜ್ಯದ ಹಳ್ಳಿ ಪಟ್ಟಣಗಳಲ್ಲಿ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದ್ದಾರೆ. ಊರಿನ ಶಾಲೆ ಅಥವಾ ಸಮುದಾಯ ಭವನದಲ್ಲಿಯೇ ಸುಮಾರು ಒಂದು ವಾರ ಶಿಬಿರಾರ್ಥಿಗಳನ್ನು ಇಟ್ಟುಕೊಂಡು ಚಿಕಿತ್ಸೆ, ಆಪ್ತಸಲಹೆ, ವ್ಯಾಯಾಮ ನಡೆಸಿ, ಮನೆಯವರನ್ನೂ ಕೂಡಿಸಿ ಮಾತನಾಡುತ್ತಾರೆ. ಬಿಟ್ಟವರು ಮುಂದೆ 'ನವಜೀವನ ಸಮಿತಿ' ಎಂಬ ಗುಂಪಿನಲ್ಲಿ ಸೇರುತ್ತಾರೆ. ತಮಿಳುನಾಡಿನಲ್ಲಿಯೂ ಇಂಥ ಪ್ರಯೋಗ ನಡೆದಿದೆ. ಪತಿಯನ್ನು ಕುಡಿತದಿಂದ ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈಯಲ್ಲಿ ಚಿಕಿತ್ಸಾ ಕೇಂದ್ರ ತೆರೆದರು. ಮುಂದೆ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಶಿಬಿರಗಳನ್ನು ನಡೆಸಿ, ಆಸ್ಪತ್ರೆಯನ್ನೇ ಹಳ್ಳಿಗೆ ಒಯ್ಯಬಹುದೆಂದು ತೋರಿಸಿದರು. 1992ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ 'ಆಲ್ಕೋಹಾಲಿಕ್ಸ್ ಅನಾನಿಮಸ್' ಇಂದು ಭಾರತದಲ್ಲಿಯೂ ಹರಡಿದೆ. ಶುಲ್ಕವಿಲ್ಲ, ಹೆಸರು ಬಹಿರಂಗವಾಗದು. ಕುಡಿತ ಬಿಟ್ಟವನ ಮಾತು ಬಿಡಬೇಕೆನ್ನುವವನಿಗೆ ನಾಟುವಷ್ಟು ನಮ್ಮ ನಿಮ್ಮ ಉಪದೇಶ ನಾಟುವುದಿಲ್ಲ.

ಇವೆಲ್ಲವುಗಳಿಂದ ಒಂದು ಪಾಠ ಹೊರಡುತ್ತದೆ. ಆಣೆ ಬಿತ್ತನೆ ಇದ್ದಂತೆ, ಔಷಧಿ ನೀರಿದ್ದಂತೆ, ಸಂಗಡಿಗರ ಆಸರೆ ಎಡೆ ಹೊಡೆಯುವುದಿದ್ದಂತೆ. ಒಂದನ್ನು ಮಾಡಿ ಉಳಿದವನ್ನು ಬಿಟ್ಟರೆ ಬೆಳೆ ಕೈಗೆ ಬಾರದು.

ನಮ್ಮ ಸುತ್ತಮುತ್ತ ಎಲ್ಲಿ ಹೋಗಬೇಕು?

ಈ ವಿಷಯದಲ್ಲಿ ಹುಬ್ಬಳ್ಳಿ-ಧಾರವಾಡ ಸೀಮೆಯವರು ಅದೃಷ್ಟವಂತರು. ಧಾರವಾಡದಲ್ಲಿ ಬೆಳಗಾವಿ ರಸ್ತೆಯ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಅದೇ ಇಂದು ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಅಲ್ಲಿ ಕುಡಿತದ ಚಟಕ್ಕೂ ಚಿಕಿತ್ಸೆಯಿದೆ. "ಹುಚ್ಚರ ದವಾಖಾನಿಗೆ ನಾ ಯಾಕ ಹೋಗ್ಲಿ?" ಎಂಬ ಮಾತನ್ನು ನಾನು ಅನೇಕ ಸಲ ಕೇಳಿದ್ದೇನೆ. ಆ ಸಂಕೋಚವನ್ನು ಬಿಡಬೇಕು. ಹಿಂದೆ ಕಿಮ್ಸ್ ಎಂದು ಹೆಸರಿದ್ದ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಯಲ್ಲೂ ಮನೋರೋಗ ವಿಭಾಗವಿದೆ. ಫಿಟ್ಸ್ ಅಥವಾ ಸನ್ನಿ ಕಂಡರೆ 108 ವಾಹನ ಕರೆದು ನೇರವಾಗಿ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಪ್ರತ್ಯೇಕ ಕೇಂದ್ರವಿದೆ.

ದೂರವಾಣಿಯಲ್ಲಿಯೂ ಸಲಹೆ ಪಡೆಯಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ವ್ಯಸನಮುಕ್ತಿಗೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಶುಲ್ಕವಿಲ್ಲ.

ಖಾಸಗಿ 'ವ್ಯಸನಮುಕ್ತಿ ಕೇಂದ್ರ'ಗಳಿಗೆ ಸೇರಿಸುವ ಮುನ್ನ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಅವು ನೋಂದಣಿಯಾಗಿವೆಯೇ, ವೈದ್ಯರು ಬಂದು ನೋಡುತ್ತಾರೆಯೇ ಎಂದು ವಿಚಾರಿಸಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯದ ದುಶ್ಚಟದಿಂದಾಗುವ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದೆ. ರೋಗಿಗೆ ಸರಪಳಿ ಬಿಗಿಯುವುದು ಆ ಕಾಯ್ದೆಯಂತೆ ನಿಷಿದ್ಧ. ಹೊಡೆದು ಬಡಿದು ಬಿಡಿಸುತ್ತೇವೆ ಎನ್ನುವವರ ಕೈಗೆ ನಿಮ್ಮವರನ್ನು ಒಪ್ಪಿಸಬೇಡಿ.

ಸರಕಾರದ ಲೆಕ್ಕ

ಇನ್ನು ರಾಜ್ಯದ ಲೆಕ್ಕಕ್ಕೆ ಬರೋಣ. 2025ರ ಮಾರ್ಚಿನಲ್ಲಿ ಮಂಡಿಸಿದ 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ ₹40,000 ಕೋಟಿ ಆದಾಯದ ಗುರಿ ಇಡಲಾಯಿತು. ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಈ ಎರಡರ ನಡುವೆ ಸರಕಾರಗಳು ಹಿಂದಿನಿಂದಲೂ ತೂಗುಯ್ಯಾಲೆ ಆಡುತ್ತಿವೆ.

ನಮ್ಮ ಜಿಲ್ಲೆ ಎರಡನ್ನೂ ಕಂಡಿದೆ. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಪಾನನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸಿತ್ತು. ಏಕೀಕರಣದ ನಂತರ, 1960ರ ದಶಕದಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ಕೈಬಿಟ್ಟಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ಟು ಹೋಯಿತು, ಆ ಜಾಗದಲ್ಲಿ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕೆಟ್ಟು ಬಂತು. ಅಂಗಡಿ ಮುಚ್ಚಿದರೂ ಚಟಕ್ಕೆ ಬಿದ್ದವನ ಮೈ ಬೇಡುವುದನ್ನು ಬಿಡಲಿಲ್ಲ. 2016ರ ಏಪ್ರಿಲ್‌ನಿಂದ ಸಂಪೂರ್ಣ ಪಾನನಿಷೇಧ ತಂದ ಬಿಹಾರದಲ್ಲಿಯೂ ಕಳ್ಳಭಟ್ಟಿ ಕುಡಿದು ಜನ ಸಾಯುವುದು ನಿಂತಿಲ್ಲ.

ಹಾಗೆಂದು ಅಂಗಡಿಗಳಿಗೆ ಕಡಿವಾಣ ಬೇಡವೆಂದು ನಾನು ಹೇಳುವುದಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೊಮೀಟರು ನಡೆದು ಹೋದರು. ಅವರ ಅಳಲು ನ್ಯಾಯವಾದದ್ದು. ಆದರೆ ಅಂಗಡಿಯ ಪ್ರಶ್ನೆ ಇತ್ಯರ್ಥವಾಗುವವರೆಗೆ ಇಂದು ಮನೆಯಲ್ಲಿ ನಡುಗುತ್ತ ಮಲಗಿದವನು ಕಾಯಲಾರ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5 ಕೋಟಿ 70 ಲಕ್ಷಕ್ಕೂ ಹೆಚ್ಚು ಜನರಿಗೆ ನೆರವು ಬೇಕಾಗಿದೆ. ಆದರೆ ಚಟಕ್ಕೆ ಬಿದ್ದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವನು ಒಬ್ಬನೇ. ಉಳಿದ 37 ಜನ ಎಲ್ಲಿದ್ದಾರೆ? ನಮ್ಮ ಊರುಗಳಲ್ಲಿ, ನಮ್ಮ ಕಟ್ಟೆಗಳ ಮೇಲೆಯೇ ಇದ್ದಾರೆ.

ಆದ್ದರಿಂದ ಗ್ರಾಮಸಭೆಗಳಲ್ಲಿ ನಾವು ಕೇಳಬೇಕಾದದ್ದು ಸ್ಪಷ್ಟವಾಗಿದೆ. ಅಬಕಾರಿ ಆದಾಯದ ಒಂದು ಪಾಲನ್ನು ಚಿಕಿತ್ಸೆಗೆಂದೇ ತೆಗೆದಿಡಬೇಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಕುಡಿತ ಬಿಡಿಸುವ ಗುಳಿಗೆ, ಥಯಾಮಿನ್ ಮತ್ತು ತರಬೇತಿ ಪಡೆದ ವೈದ್ಯರು ಇರಬೇಕು. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಸಾಧ್ಯವಾಗಿದೆ. ಹೋಬಳಿಗೊಂದು ದಿನ ಮನೋವೈದ್ಯರ ಭೇಟಿ ಏಕೆ ಸಾಧ್ಯವಾಗಬಾರದು?

ಊರಿನವರು ಮಾಡಬಹುದಾದ ಕೆಲಸಗಳು

1. ಆಣೆ ಮಾಡಿಸುವ ಮೊದಲು ವೈದ್ಯರಿಗೆ ತೋರಿಸಿರಿ. ಆಣೆಯ ದಿನವನ್ನು ವೈದ್ಯರೊಡನೆ ಮಾತನಾಡಿಯೇ ಗೊತ್ತುಮಾಡಿರಿ.

2. ಸುಗ್ಗಿ, ಬಿತ್ತನೆಗಳ ಅವಸರವಿಲ್ಲದ ದಿನಗಳನ್ನು ಚಿಕಿತ್ಸೆಗೆ ಆರಿಸಿರಿ. ಆಸ್ಪತ್ರೆಯಲ್ಲಿದ್ದಾಗ ಅವನ ಹೊಲದ ಕೆಲಸವನ್ನು ಓಣಿಯವರು ಮುಯ್ಯಾಳಿನಂತೆ ಮಾಡಿಕೊಡಿ. ಹೊಲದ ಚಿಂತೆಯಿಂದಲೇ ಅರ್ಧಕ್ಕೆ ಎದ್ದು ಬಂದವರನ್ನು ನಾನು ಕಂಡಿದ್ದೇನೆ.

3. ಗುಳಿಗೆಯನ್ನು ಮನೆಯವರೊಬ್ಬರು ದಿನಾ ಎದುರಿಗೆ ನಿಂತು ಕೊಡಲಿ. ವೈದ್ಯರು ಹೇಳಿದ ದಿನ ತಪ್ಪದೆ ತೋರಿಸಲಿ.

4. ಬಿಟ್ಟವನಿಗೆ ಮದುವೆ, ಜಾತ್ರೆ, ಚುನಾವಣೆಗಳಲ್ಲಿ "ಇವತ್ತೊಂದಿನ ತಗೋ" ಎಂದು ಒತ್ತಾಯ ಮಾಡಬೇಡಿ. ಕೂಲಿಯ ಜೊತೆ ಕುಡಿಯಲು ಕೊಡುವ ರೂಢಿಯನ್ನು ನಿಲ್ಲಿಸಿರಿ.

5. ಮಾಲು ಮಾರಿದ ರೊಕ್ಕ ಬ್ಯಾಂಕ್ ಖಾತೆಗೆ ಜಮೆಯಾಗಲಿ. ಅಮರಗೋಳದ ಮಾರುಕಟ್ಟೆಯಿಂದ ಮರಳುವಾಗ ಮೊದಮೊದಲು ಜೊತೆಗೊಬ್ಬರು ಇರಲಿ.

6. ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿ ಇಡಿ. ಕುಡಿತ ಮತ್ತು ಬೇಸರ ಕೂಡಿದಾಗ ಕೈಗೆ ಸಿಗುವ ವಿಷವೇ ಮನೆ ಹಾಳುಮಾಡುತ್ತದೆ. ಸಾಯುವ ಮಾತನಾಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಕೂಡಲೇ 14416ಕ್ಕೆ ಕರೆ ಮಾಡಿ.

7. ಮತ್ತೆ ಕುಡಿದರೆ "ಮುಗೀತು ಇವನ ಕತೆ" ಎನ್ನಬೇಡಿ. ಒಂದು ಸಲ ಕಾಯಿಕೊರಕ ಬಿತ್ತೆಂದು ನಾವು ಕಡಲೆ ಬೆಳೆಯುವುದನ್ನೇ ಬಿಡುತ್ತೇವೆಯೇ? ಅದೇ ವಾರ ಮತ್ತೆ ವೈದ್ಯರ ಬಳಿ ಕರೆದೊಯ್ಯಿರಿ.

ಈ ಕೊನೆಯ ಮಾತನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಮೊದಲು ಹೇಳಿದ ಆ ರೈತ ಹುಬ್ಬಳ್ಳಿಯಿಂದ ಬಂದ ಮೇಲೆ ಧಾರವಾಡಕ್ಕೆ ಹೋಗಿ ಚಿಕಿತ್ಸೆ ಮುಂದುವರಿಸಿದ. ಹದಿನಾಲ್ಕು ತಿಂಗಳ ನಂತರ ಬಳಗದ ಮದುವೆಯೊಂದರಲ್ಲಿ ಮತ್ತೆ ಕುಡಿದ. ಊರವರು ಕೈಬಿಟ್ಟರು. ಅವನ ಹೆಂಡತಿ ಬಿಡಲಿಲ್ಲ. ಮೂರನೆಯ ದಿನಕ್ಕೇ ಅವನನ್ನು ಬಸ್ಸು ಹತ್ತಿಸಿಕೊಂಡು ಹೋದಳು. ಈಗ ನಾಲ್ಕು ವರ್ಷಗಳಾದವು, ಅವನು ಮುಟ್ಟಿಲ್ಲ. ಹೋದ ಹಿಂಗಾರಿಗೆ ಬೀಜದ ಚೀಟಿಗೆಂದು ಇಬ್ಬರೂ ಬಂದಿದ್ದರು. ಹೇಗಿದ್ದೀಯಮ್ಮ ಎಂದು ಕೇಳಿದೆ. "ಮೊದಲ ಇವರ ಮ್ಯಾಲೆ ಸಿಟ್ಟಿತ್ರಿ ಸಾಹೇಬ್ರ. ಈಗ ಸಿಟ್ಟು ಬಿಟ್ಟು ತಾರೀಖಿನ ಮ್ಯಾಲೆ ಲಕ್ಷ್ಯ ಇಟ್ಟೀನ್ರಿ" ಎಂದಳು. ಗಂಡ ನಗುತ್ತ ಜೊತೆಗಿದ್ದ ಇನ್ನೊಬ್ಬನನ್ನು ಮುಂದೆ ಮಾಡಿದ. "ಇವನ್ನೂ ಧಾರವಾಡಕ್ಕ ಕರಕೊಂಡು ಹೊಂಟೀನ್ರಿ. ಬಿಡೋಕಿನ ಮೊದಲ ತೋರಸ್ಬೇಕಲ್ರಿ" ಎಂದ.

ಬಾಂಧವರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ಈ ಪುಟವನ್ನು ವಾಚನಾಲಯದಲ್ಲಿ ಗಟ್ಟಿಯಾಗಿ ಓದಿ ಹೇಳಿರಿ, ಓದು ಬಾರದ ತಾಯಂದಿರಿಗೂ ತಿಳಿಸಿರಿ. ಬಿಡುತ್ತೇನೆ ಎಂದು ಒಬ್ಬನು ಬಾಯಿ ಬಿಟ್ಟು ಹೇಳಿದ ದಿನ ಹದ ಬಂದ ದಿನವೆಂದು ತಿಳಿಯಿರಿ. ಹದ ತಪ್ಪಿಸದೆ ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.